ಸೊಸೈಟಿಯ ಒಳರಸ್ತೆಗೆ ಡಾಂಬರೋ, ಕಾಂಕ್ರೀಟೋ, ಪೇವರೋ?

ದಸರೆಯ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿದ್ದಂತೆ ಪುಣೆ, ಮುಂಬಯಿ, ಗೋವೆಗಳ ಹೌಸಿಂಗ್ ಸೊಸೈಟಿಗಳ ಸಭೆಗಳಲ್ಲಿ ಒಳರಸ್ತೆಯ ವಿಷಯ ಏಳುತ್ತದೆ. ಆಗ ನನ್ನನ್ನು ಹುಡುಕಿಕೊಂಡು ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಕಾರ್ಯದರ್ಶಿಯೋ ಖಜಾಂಚಿಯೋ ಆಗಿರುತ್ತಾರೆ. ಅವರ ಕೈಯಲ್ಲಿ ಮೂರು ಕೊಟೇಶನ್‌ಗಳಿರುತ್ತವೆ. ಒಂದು ಡಾಂಬರಿನದು, ಒಂದು ಕಾಂಕ್ರೀಟಿನದು, ಇನ್ನೊಂದು ಪೇವರ್ ಬ್ಲಾಕಿನದು. ಮೂರರಲ್ಲೂ ಚದರ ಮೀಟರಿನ ದರವಿರುತ್ತದೆ, ಮೇಲ್ಪದರದ ದಪ್ಪವಿರುತ್ತದೆ. ಅದರ ಅಡಿಯ ಮಣ್ಣಿನ ಮಾತು ಮಾತ್ರ ಒಂದರಲ್ಲೂ ಇರುವುದಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಪುಣೆಯಲ್ಲಿ ಮಣ್ಣು ಮತ್ತು ಡಾಂಬರಿನ ಪರೀಕ್ಷೆಯನ್ನೇ ಕಸುಬಾಗಿಸಿಕೊಂಡಿರುವ ನನಗೆ ‘ಮೂರರಲ್ಲಿ ಯಾವುದು ಒಳ್ಳೆಯದು’ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಈ ಆಯ್ಕೆಯನ್ನು ಅರ್ಧಕ್ಕಿಂತ ಹೆಚ್ಚು ನಿರ್ಧರಿಸುವುದು ನೆಲ ಮತ್ತು ನೀರು. ಉಳಿದ ಭಾಗದಲ್ಲಷ್ಟೇ ಹಣಕ್ಕೆ ಮಾತನಾಡುವ ಅವಕಾಶ.

ಶುರುವಿಗೇ ಒಂದು ಪದವನ್ನು ತಿಳಿಗೊಳಿಸಿಕೊಳ್ಳೋಣ. ನಾವು ಡಾಂಬರು ಎಂದು ಕರೆಯುವುದು ಹಿಂದೆ ಕಲ್ಲಿದ್ದಲಿನಿಂದ ತೆಗೆಯುತ್ತಿದ್ದ ಟಾರ್; ಇಂದು ರಸ್ತೆಗೆ ಬೀಳುವುದು ಕಚ್ಚಾ ತೈಲವನ್ನು ಶುದ್ಧೀಕರಿಸಿದಾಗ ತಳದಲ್ಲಿ ಉಳಿಯುವ ಬಿಟುಮೆನ್. ಅದು ಕೇವಲ ಅಂಟು. ಜಲ್ಲಿ, ಕಲ್ಲಿನ ಪುಡಿಗಳೊಂದಿಗೆ ಬಿಸಿಯಾಗಿ ಬೆರೆತಾಗ ಅದು ಆಸ್ಫಾಲ್ಟ್ ಮಿಶ್ರಣವಾಗುತ್ತದೆ. ರೂಢಿಯ ಡಾಂಬರು ಎಂಬ ಪದವನ್ನೇ ನಾನು ಇಲ್ಲಿ ಎರಡಕ್ಕೂ ಬಳಸುತ್ತೇನೆ.

ಮೊದಲು ನೆಲವನ್ನು ಕೇಳಬೇಕು

ಪುಣೆಯ ಕೆಳಗಿರುವುದು ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ. ಅದು ಸವೆದು ಎರಡು ಬಗೆಯ ಮಣ್ಣಾಗುತ್ತದೆ: ಗುಡ್ಡದ ಮೈಯಲ್ಲಿ ಇಲ್ಲಿನವರು ಮುರುಮ್ ಎನ್ನುವ, ನಮ್ಮ ಉತ್ತರ ಕರ್ನಾಟಕದವರು ಗರಸು ಎನ್ನುವ ಗಟ್ಟಿ ಮಣ್ಣು, ತಗ್ಗಿನಲ್ಲಿ, ನದೀದಂಡೆಯಲ್ಲಿ, ಹಿಂದೆ ಕಬ್ಬು ಬೆಳೆಯುತ್ತಿದ್ದ ಹೊಲಗಳಲ್ಲಿ ಎರೆಮಣ್ಣು. ಬಾವಧನದ ಗುಡ್ಡದಂಚಿನ ಸೊಸೈಟಿಗೂ ಮಾಂಜರಿಯ ಹೊಲದ ಮೇಲೆ ಎದ್ದ ಸೊಸೈಟಿಗೂ ಒಂದೇ ಕೊಟೇಶನ್ ಹೊಂದುವುದಿಲ್ಲ ಎಂಬುದಕ್ಕೆ ಇಷ್ಟೇ ಕಾರಣ ಸಾಕು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನೊಳಗೆ ಅಂಗೈ ಇಳಿಬಿಟ್ಟು ಆಡಿದ ವಿಜಯಪುರ, ಧಾರವಾಡ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಬಿರುಕು ರಸ್ತೆಯ ಅಡಿಯಲ್ಲಿ ಬಾಯಿ ತೆರೆದರೆ ಏನಾದೀತೆಂದು ಊಹಿಸಿಕೊಂಡರೆ ಸಾಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ರಸ್ತೆಯ ಅಂಚಿನಲ್ಲಿ ಎರಡು ಅಡಿ ಅಗೆದು ಒಂದು ಹಿಡಿ ಮಣ್ಣು ತೆಗೆದು, ಹರಳುಗಳನ್ನು ಆರಿಸಿ, ನೀರು ಚಿಮುಕಿಸಿ ನಾದಿ, ಗಾಜಿನ ಮೇಲೆ ಅಂಗೈಯಿಂದ ಹೊಸೆದು 3 ಮಿ.ಮೀ. ದಪ್ಪದ ಎಳೆ ಮಾಡಲು ಪ್ರಯತ್ನಿಸಿ. ಎಳೆಯಾಗುವ ಮೊದಲೇ ಜೋಳದ ಹಿಟ್ಟಿನಂತೆ ಪುಡಿಯಾದರೆ ಅದು ಹೆಚ್ಚು ಕಡಿಮೆ ಗರಸು, ನಿಮ್ಮ ಅದೃಷ್ಟ ಚೆನ್ನಾಗಿದೆ. ಗೋಧಿ ಹಿಟ್ಟಿನ ಕಣಕದಂತೆ ಮತ್ತೆ ಮತ್ತೆ ಹಿಗ್ಗಿ ಎಳೆಯಾದರೆ ಪ್ರಯೋಗಾಲಯದ ಖರ್ಚನ್ನು ಉಳಿಸಲು ಹೋಗಬೇಡಿ. ಅಲ್ಲಿ ಮಾಡುವುದೂ ಸರಳವೇ: ಜರಡಿ ಹಿಡಿದ ಒಣಮಣ್ಣನ್ನು 10 ಗ್ರಾಮಿನಂತೆ ಎರಡು ಗಾಜಿನ ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಭಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಒಂದು ದಿನ ಬಿಟ್ಟು ನೋಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದಕ್ಕೆ ಹೋಲಿಸಿದರೆ ನೀರಿನ ಜಾಡಿಯಲ್ಲಿ ಮಣ್ಣಿನ ಗಾತ್ರ 50%ಕ್ಕಿಂತ ಹೆಚ್ಚಾಗಿದ್ದರೆ ಅದು ಉಬ್ಬುವ ಮಣ್ಣು ಎಂದು ಪರಿಗಣಿಸಿ ಬೇರೆ ಏರ್ಪಾಡು ಮಾಡಬೇಕು. ಇದರ ಜೊತೆಗೆ ಸಿ.ಬಿ.ಆರ್. ಪರೀಕ್ಷೆಯನ್ನೂ ಕೇಳಿ. ಕುಟ್ಟಿ ಅಡಕಗೊಳಿಸಿದ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ, 50 ಮಿ.ಮೀ. ವ್ಯಾಸದ ಉಕ್ಕಿನ ದಂಡವನ್ನು ಅದರೊಳಗೆ ನಿಧಾನವಾಗಿ ಒತ್ತಿ, ಪುಡಿಗಲ್ಲಿನ ಪ್ರಮಾಣಿತ ಬಲಕ್ಕೆ ಹೋಲಿಸಿದರೆ ಈ ಮಣ್ಣು ಶೇಕಡಾ ಎಷ್ಟು ಎದುರುನಿಲ್ಲುತ್ತದೆಂದು ಹೇಳುವ ಅಂಕಿ ಅದು. ನೆನೆದ ಎರೆಮಣ್ಣಿನಲ್ಲಿ 2 ಅಥವಾ 3 ಬಂದರೂ ಆಶ್ಚರ್ಯವಿಲ್ಲ. ಒಳ್ಳೆಯ ಗರಸಿನಲ್ಲಿ ಅದು 10ನ್ನು ಸುಲಭವಾಗಿ ದಾಟುತ್ತದೆ. ನೆನೆಸದೆ ಪರೀಕ್ಷಿಸಿದ ವರದಿ ತಂದವರನ್ನು ನಯವಾಗಿ ಹಿಂದಕ್ಕೆ ಕಳುಹಿಸಿ.

ಮುಂಬಯಿಯ ನೆಲದ ಕಥೆಯೇ ಬೇರೆ. ಸಮುದ್ರದ ನೀರು ಒಳನುಗ್ಗುವ ಖಾಡಿಗಳ ಬದಿಯಲ್ಲಿ, ನವಿ ಮುಂಬಯಿಯ ಬಹುಭಾಗದಲ್ಲಿ, ಭರಾವು ಹಾಕಿ ಸಮುದ್ರದಿಂದ ಪಡೆದ ಜಾಗಗಳಲ್ಲಿ ಅಡಿಗಿರುವುದು ಮೆದುವಾದ ಸಮುದ್ರ ಜೇಡಿ. ಅದು ಎರೆಮಣ್ಣಿನಂತೆ ವರ್ಷವರ್ಷವೂ ಏರಿಳಿಯುವುದಕ್ಕಿಂತ, ಮೇಲೆ ಭಾರ ಬಿದ್ದಾಗ ಒಳಗಿನ ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಕಂಬಗಳ ಮೇಲೆ ನಿಂತ ಕಟ್ಟಡ ಇಳಿಯುವುದಿಲ್ಲ, ಪಕ್ಕದ ರಸ್ತೆ ಇಳಿಯುತ್ತದೆ. ಲಾಬಿಯ ಮೆಟ್ಟಿಲ ಬುಡದಲ್ಲಿ ಪ್ರತಿ ವರ್ಷ ಒಂದಿಷ್ಟು ಸಿಮೆಂಟು ಮೆತ್ತಿ ಮುಚ್ಚುವ ಸಂದು ಇದರದೇ ಗುರುತು. ಗೋವೆಯಲ್ಲಿ ದಿಬ್ಬಗಳ ಮೇಲೆಲ್ಲ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಜಂಬಿಟ್ಟಿಗೆ. ಒಣಗಿದಾಗ ಅದು ಒಳ್ಳೆಯ ಬುನಾದಿ. ಜೇಡಿಯ ಅಂಶ ಹೆಚ್ಚಿದ್ದಲ್ಲಿ ನೆನೆದಾಗ ಸಡಿಲಾಗುತ್ತದೆ. ಕಟ್ಟೆ ಹಾಕಿ ಉಪ್ಪುನೀರಿನಿಂದ ಪಡೆದ ತಗ್ಗಿನ ಖಾಜನ್ ಭೂಮಿಗೆ ಬಂದರೆ ಮತ್ತೆ ಅದೇ ಉಪ್ಪುನೀರಿನ ಕೆಸರು.

ನೀರು, ಭಾರ, ಅಗೆತ

ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾದರೆ ಮುಂಬಯಿಯಲ್ಲಿ 2,000ಕ್ಕೂ ಹೆಚ್ಚು, ಗೋವೆಯಲ್ಲಿ 3,000ದ ಆಸುಪಾಸು. ಹಾಗಾಗಿ ಎರಡನೆಯ ಅಳತೆಗೋಲು ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಮಧ್ಯದಿಂದ ಅಂಚಿಗೆ ಪ್ರತಿ ಮೀಟರಿಗೆ 25 ಮಿ.ಮೀ. ಇಳಿಜಾರು, ಅಂಚಿನಲ್ಲಿ ರಸ್ತೆಯ ಬುನಾದಿಗಿಂತ ಕೆಳಗಿನ ಮಟ್ಟದ ಗಟಾರ, ಈ ಎರಡೂ ಇಲ್ಲದಿದ್ದರೆ ಯಾವ ಮೇಲ್ಪದರವೂ ಉಳಿಯುವುದಿಲ್ಲ. ಕೈತೋಟದ ಪೈಪು ದಿನವೂ ರಸ್ತೆಯಂಚನ್ನು ನೆನೆಸುವ ಸೊಸೈಟಿಗಳಲ್ಲಿ ಗುಂಡಿ ಮೊದಲು ಬೀಳುವುದು ತೋಟದ ಬದಿಯಲ್ಲೇ.

ಮೂರನೆಯದು ಭಾರ. ನಮ್ಮಲ್ಲಿರುವುದು ಬರೀ ಕಾರುಗಳು ಎಂದು ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಬರುವ 10,000 ಲೀಟರಿನ ನೀರಿನ ಟ್ಯಾಂಕರ್ ಯಾರ ನೆನಪಿಗೂ ಬರುವುದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ತಿಳಿದುಬಂದ ಪ್ರಕಾರ, ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟಾಗುತ್ತದೆ. ಕಾರಿನ ಒಂದು ಅಚ್ಚಿನ ಮೇಲೆ 0.7 ಟನ್, ತುಂಬಿದ ಟ್ಯಾಂಕರಿನ ಹಿಂದಿನ ಅಚ್ಚಿನ ಮೇಲೆ 10 ಟನ್ ಎಂದಿಟ್ಟುಕೊಂಡರೆ ಆ ಒಂದು ಅಚ್ಚು ಕಾರಿನ ಅಚ್ಚಿಗಿಂತ 40 ಸಾವಿರ ಪಟ್ಟು ಹೆಚ್ಚು ಹಾನಿ ಮಾಡುತ್ತದೆ. ಟ್ಯಾಂಕರನ್ನು ಗೇಟಿನ ಬಳಿಯೇ ನಿಲ್ಲಿಸಿ ಪೈಪಿನಿಂದ ನೀರನ್ನು ಒಳಕ್ಕೆ ಸಾಗಿಸಬಹುದಾದರೆ, ಒಳರಸ್ತೆಯ ಖರ್ಚು ಎಷ್ಟು ತಗ್ಗುತ್ತದೆಂಬುದನ್ನು ಯೋಚಿಸಿ ನೋಡಿ.

ಅಗೆತದ ಪ್ರಶ್ನೆ ನಾಲ್ಕನೆಯದು: ಅಡುಗೆ ಅನಿಲದ ಕೊಳವೆ ಬರಲಿದೆಯೇ, ಒಳಚರಂಡಿಯ ಹಳೆಯ ಮಣ್ಣಿನ ಪೈಪುಗಳನ್ನು ಬದಲಿಸಲಿದ್ದೀರಾ, ಕೇಬಲ್‌ನವರು ಎಷ್ಟು ಸಲ ಬರುತ್ತಾರೆ? ಐದನೆಯದು ರಸ್ತೆಯ ಮಟ್ಟ. ಹಳೆಯದರ ಮೇಲೆ ಹೊಸದನ್ನು ಹೇರುತ್ತ ಹೋದರೆ ಮುಂಬಯಿಯ ಎಷ್ಟೋ ಹಳೆಯ ಚಾಳುಗಳಿಗೆ ಆದಂತೆ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಾಗಿ ಮಳೆನೀರು ಒಳಗೆ ಬರುತ್ತದೆ.

ಡಾಂಬರು: ಅಗ್ಗ, ಬೇಗ, ಆದರೆ ನೀರಿಗೆ ಅಂಜುವ ಜೀವ

ಮೊದಲ ಖರ್ಚಿನಲ್ಲಿ ಸಾಮಾನ್ಯವಾಗಿ ಡಾಂಬರೇ ಕಡಿಮೆ. ಬೆಳಿಗ್ಗೆ ಹಾಸಿದ ರಸ್ತೆಯನ್ನು ಮರುದಿನ ಬಳಸಬಹುದು. ಪಾರ್ಕಿಂಗ್‌ಗೆ ಬೇರೆ ಜಾಗವೇ ಇಲ್ಲದ ಸೊಸೈಟಿಗೆ ಇದು ಸಣ್ಣ ಅನುಕೂಲವಲ್ಲ. ನೆಲ ಅಲ್ಪಸ್ವಲ್ಪ ಅಲುಗಿದರೆ ಕಾಂಕ್ರೀಟಿನಂತೆ ಒಡೆಯದೆ ಒಂದಿಷ್ಟು ಬಾಗಿ ಕೊಡುತ್ತದೆ. ಡಾಂಬರೆಂದರೆ ಪ್ರತಿ ಮಳೆಗೂ ಗುಂಡಿ ಎಂದು ಮೂಗು ಮುರಿಯುವವರಿಗೆ ನಾನು ಪುಣೆಯ ಜಂಗ್ಲಿ ಮಹಾರಾಜ್ ರಸ್ತೆಯನ್ನು ತೋರಿಸುತ್ತೇನೆ. 1970ರ ದಶಕದಲ್ಲಿ 10 ವರ್ಷಗಳ ಖಾತರಿಯೊಂದಿಗೆ ನಿರ್ಮಿಸಿದ ಆ ಡಾಂಬರು ರಸ್ತೆ ದಶಕಗಳ ಕಾಲ ಗುಂಡಿ ಬೀಳದ ರಸ್ತೆಯೆಂದೇ ಹೆಸರಾಗಿತ್ತು.

ಡಾಂಬರಿನೊಳಗೂ ಆಯ್ಕೆಗಳಿವೆ. ಕಡಿಮೆ ದರದ ಕೊಟೇಶನ್‌ಗಳಲ್ಲಿರುವುದು ಹೆಚ್ಚಾಗಿ 20 ಮಿ.ಮೀ. ಪ್ರೀಮಿಕ್ಸ್ ಕಾರ್ಪೆಟ್ ಎಂಬ ತೆಳು ಪದರ, ಅದರಲ್ಲಿ ಜಲ್ಲಿಗಳ ನಡುವೆ ತೆರಪು ಹೆಚ್ಚು, ಮೇಲೆ ಆ ತೆರಪು ಮುಚ್ಚುವ ಡಾಂಬರಿನ ಸೀಲ್ ಕೋಟ್ ಇಲ್ಲದಿದ್ದರೆ ನೀರು ನೇರ ಕೆಳಗಿಳಿಯುತ್ತದೆ. ಗರಸಿನ ನೆಲದ, ಟ್ಯಾಂಕರ್ ಬಾರದ ಪುಣೆಯ ಸಣ್ಣ ಸೊಸೈಟಿಗೆ ಸೀಲ್ ಕೋಟಿನೊಂದಿಗೆ ಅದು ನಡೆದೀತು. ಮುಂಬಯಿ, ಗೋವೆಗಳಿಗೆ ನಾನು ಸೂಚಿಸುವುದಿಲ್ಲ. ಅಲ್ಲಿಗೆ ಬೇಕಾದದ್ದು ಸಾಂದ್ರವಾದ ಬಿಟುಮಿನಸ್ ಕಾಂಕ್ರೀಟ್, ಅಂದರೆ ಸಣ್ಣ ದೊಡ್ಡ ಜಲ್ಲಿಗಳನ್ನು ಹದವರಿತು ಬೆರೆಸಿ, 5.4%ದಷ್ಟು ಡಾಂಬರು ಹಾಕಿ, ಮಿಶ್ರಣದ ವಿನ್ಯಾಸದಲ್ಲಿ ಗಾಳಿಯ ತೆರಪು 3ರಿಂದ 5%ದೊಳಗೆ ಉಳಿಯುವಂತೆ ಮಾಡಿದ ಪದರ. ದಪ್ಪ 30ರಿಂದ 40 ಮಿ.ಮೀ. ತೆರಪು ಪೂರ್ತಿ ಇಲ್ಲದಂತೆಯೂ ಮಾಡಬಾರದು, ಬಿಸಿಲಿಗೆ ಹಿಗ್ಗಿದ ಡಾಂಬರಿಗೆ ಒಳಗೆ ಜಾಗ ಸಿಗದೆ ಮೇಲಕ್ಕೆ ಉಕ್ಕುತ್ತದೆ.

ಡಾಂಬರಿನ ದರ್ಜೆಯ ಬಗ್ಗೆ ಸಭೆಗಳಲ್ಲಿ ಅನಗತ್ಯ ಚರ್ಚೆಯಾಗುತ್ತದೆ. 2006ರಿಂದ ನಮ್ಮ ದೇಶದಲ್ಲಿ ಅದನ್ನು ಸ್ನಿಗ್ಧತೆಯ ಆಧಾರದಲ್ಲಿ ವಿಜಿ-10, 20, 30, 40 ಎಂದು ವಿಂಗಡಿಸುತ್ತಾರೆ. ಅಂಕಿ ದೊಡ್ಡದಾದಷ್ಟೂ ಡಾಂಬರು ಗಟ್ಟಿ. ವಿಜಿ-40 ಭಾರೀ ಲಾರಿಗಳ ಹೆದ್ದಾರಿಗೆ. ವಾಹನಗಳ ಒತ್ತಡ ಕಡಿಮೆಯಿರುವ ಒಳರಸ್ತೆಯಲ್ಲಿ ಡಾಂಬರು ಚಕ್ರದಡಿ ಸವೆದು ಸಾಯುವುದಕ್ಕಿಂತ ಬಿಸಿಲು ಗಾಳಿಗೆ ಒಣಗಿ ಬಿರುಸಾಗಿ ಸಾಯುವುದೇ ಹೆಚ್ಚು, ಆದ್ದರಿಂದ ವಿಜಿ-30 ಸಾಕು. ಪಾಲಿಮರ್ ಅಥವಾ ಹಳೆಯ ಟೈರಿನ ರಬ್ಬರ್ ಬೆರೆಸಿದ ಡಾಂಬರು ನಿಜಕ್ಕೂ ಉತ್ತಮವೇ. ಆದರೆ ನಿಮ್ಮ ಮೂರು ಟನ್ ಡಾಂಬರಿಗಾಗಿ ಪ್ಲಾಂಟಿನವರು ಬೇರೆ ಟ್ಯಾಂಕ್ ಕಾಯಿಸುತ್ತಾರೆಂದು ನಂಬುವುದು ಕಷ್ಟ. ಆ ಹಣವನ್ನು ಗಟಾರಕ್ಕೆ ಹಾಕಿ. ಜಲ್ಲಿಯ ವಿಷಯದಲ್ಲಿ ಮಹಾರಾಷ್ಟ್ರದವರು ಅದೃಷ್ಟವಂತರು: ಬಸಾಲ್ಟಿಗೆ ಡಾಂಬರು ಚೆನ್ನಾಗಿ ಅಂಟುತ್ತದೆ, ಬಿಳಿ ಗ್ರಾನೈಟಿನ ಜಲ್ಲಿಯಂತೆ ನೀರಿಗೆ ಬೇಗ ಬಿಟ್ಟುಕೊಡುವುದಿಲ್ಲ.

ಎಲ್ಲಿ ಡಾಂಬರು ಬೇಡ? ಕಾರು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವ, ಎಂಜಿನ್ ಎಣ್ಣೆ ತೊಟ್ಟಿಕ್ಕುವ ಪಾರ್ಕಿಂಗ್ ಜಾಗದಲ್ಲಿ ಬೇಡ. ಪೆಟ್ರೋಲು, ಡೀಸೆಲ್, ಎಣ್ಣೆಗಳು ಡಾಂಬರನ್ನು ಕರಗಿಸುತ್ತವೆ. ಮುಂಬಯಿಯ ಸೇತುವೆ, ಬಸ್ ನಿಲ್ದಾಣಗಳಲ್ಲಿ ಕಾಣುವ ಮಾಸ್ಟಿಕ್ ನೀರನ್ನು ಒಳಬಿಡದ ಗಟ್ಟಿ ಡಾಂಬರೇ, ಆದರೆ ದುಬಾರಿ; ಗೇಟಿನ ಬಳಿಯ ಎರಡು ಮೂರು ಮೀಟರಿಗಷ್ಟೇ ಅದನ್ನು ಯೋಚಿಸಿ.

ಕಾಂಕ್ರೀಟ್: ಬಾಳಿಕೆ ಹೌದು, ಕ್ಷಮೆ ಇಲ್ಲ

ಮುಂಬಯಿ ಮಹಾನಗರಪಾಲಿಕೆ ತನ್ನ ರಸ್ತೆಗಳನ್ನು ಒಂದೊಂದಾಗಿ ಕಾಂಕ್ರೀಟು ಮಾಡುತ್ತಿರುವುದನ್ನು ನೋಡಿದ ಸೊಸೈಟಿಗಳಿಗೆ ತಮಗೂ ಅದೇ ಬೇಕೆನಿಸುವುದು ಸಹಜ. ನೀರು ನಿಂತರೂ ಕರಗದು, ಎಣ್ಣೆಗೆ ಅಂಜದು, ಭಾರವನ್ನು ಅಗಲಕ್ಕೆ ಹರಡಿ ದುರ್ಬಲ ಮಣ್ಣಿನ ಮೇಲೆ ಒತ್ತಡ ತಗ್ಗಿಸುತ್ತದೆ, ಚೆನ್ನಾಗಿ ಮಾಡಿದರೆ ಇಪ್ಪತ್ತು ವರ್ಷ ಅದರ ಗೊಡವೆ ಬೇಡ. ಆದರೆ ಚಪ್ಪಡಿಯ ಕೆಳಗಿನ ನೆಲ ಒಂದು ಕಡೆ ಇಳಿದು ಇನ್ನೊಂದು ಕಡೆ ನಿಂತರೆ ಅದು ಬಾಗುವುದಿಲ್ಲ, ಮುರಿಯುತ್ತದೆ. ಮುರಿದದ್ದನ್ನು ತೇಪೆ ಹಾಕಿ ಸರಿಮಾಡುವುದೂ ಸುಲಭವಲ್ಲ. ಎರೆಮಣ್ಣಿನ ಮೇಲೆ ನೇರ ಹಾಕಿದ ಕಾಂಕ್ರೀಟು, ಇನ್ನೂ ಕುಸಿಯುತ್ತಿರುವ ಭರಾವಿನ ಮೇಲಿನ ಕಾಂಕ್ರೀಟು, ಎರಡೂ ದುಬಾರಿ ತಪ್ಪುಗಳು.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ನಾನು ಸಲಹೆ ಕೊಟ್ಟಿದ್ದ ಪುಣೆಯ ಒಂದು ಸೊಸೈಟಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಾಂಕ್ರೀಟು ಸುರಿದರು. ಸಂಜೆಯೊಳಗೆ ಜಾಯಿಂಟ್, ಅಂದರೆ ಕುಗ್ಗುವ ಕಾಂಕ್ರೀಟು ನೇರ ಗೆರೆಯಲ್ಲೇ ಬಿರಿಯಲೆಂದು ಕೊಡುವ ಸೀಳನ್ನು, ಕತ್ತರಿಸುವ ಯಂತ್ರ ಬರಬೇಕಿತ್ತು. ಅದು ಬಂದದ್ದು ಮರುದಿನ ಹತ್ತು ಗಂಟೆಗೆ. ಅಷ್ಟರಲ್ಲಿ ಬಿಸಿಗಾಳಿಗೆ ಒಣಗಿ ಕುಗ್ಗಿದ ಚಪ್ಪಡಿ ತನಗೆ ಬೇಕಾದಲ್ಲಿ ತಾನೇ ಜಾಯಿಂಟ್ ಬಿಟ್ಟುಕೊಂಡಿತ್ತು: ಗೇಟಿನಿಂದ ವಾಚ್‌ಮನ್ ಕೋಣೆಯವರೆಗೆ ಕೂದಲಿನಷ್ಟು ತೆಳ್ಳನೆಯ, ವಕ್ರವಾದ ನಾಲ್ಕು ಗೆರೆಗಳು. ಯಂತ್ರ ಸ್ಥಳದಲ್ಲಿ ಬಂದು ನಿಲ್ಲುವವರೆಗೆ ಸುರಿಯಲು ಬಿಡಬಾರದಿತ್ತು. ಬಿಟ್ಟದ್ದು ನನ್ನ ತಪ್ಪು. ಎರಡನೆಯ ಮಳೆಗಾಲದಲ್ಲಿ ಆ ಗೆರೆಗಳ ಅಂಚು ಉದುರತೊಡಗಿತು. ಹಾಗಾಗಿ 150 ಮಿ.ಮೀ. ದಪ್ಪದ ಚಪ್ಪಡಿಗೆ ಮೂರು ನಾಲ್ಕು ಮೀಟರಿಗೊಂದು ಅಡ್ಡ ಜಾಯಿಂಟು, ರಸ್ತೆ ಐದು ಮೀಟರ್ ಅಗಲವಿದ್ದರೆ ನಡುವೆ ಉದ್ದಕ್ಕೆ ಇನ್ನೊಂದು, ದಪ್ಪದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ, ಸುರಿದ ದಿನವೇ ಕತ್ತರಿಸಬೇಕೆಂದು ಕರಾರಿನಲ್ಲೇ ಬರೆಸಿ. ಆಮೇಲೆ ಕನಿಷ್ಠ 14 ದಿನ ಗೋಣಿಚೀಲ ಹೊದಿಸಿ ನೀರು ಹಿಡಿಯಬೇಕು, ಟ್ಯಾಂಕರನ್ನು 28 ದಿನ ಒಳಬಿಡಬಾರದು. ಕುಡಿಯುವ ನೀರಿಗೇ ಟ್ಯಾಂಕರ್ ತರಿಸುವ ಸೊಸೈಟಿ ಏಪ್ರಿಲ್‌ನಲ್ಲಿ ಈ ಕೆಲಸಕ್ಕೆ ಕೈಹಾಕುವುದಕ್ಕಿಂತ ನವೆಂಬರ್‌ನಲ್ಲಿ ಹಾಕುವುದು ಜಾಣತನ.

ಪೇವರ್: ಎತ್ತಿ ಮತ್ತೆ ಇಡಬಹುದಾದ ರಸ್ತೆ

ಪೇವರಿನ ದೊಡ್ಡ ಗುಣವೆಂದರೆ ಅದು ತಪ್ಪನ್ನು ಸರಿಪಡಿಸಲು ಬಿಡುತ್ತದೆ. ಪೈಪು ಒಡೆದರೆ ಬ್ಲಾಕುಗಳನ್ನು ಎತ್ತಿ, ಅಗೆದು, ಚೆನ್ನಾಗಿ ಧಮ್ಮಸು ಮಾಡಿ, ಅವನ್ನೇ ಮತ್ತೆ ಇಡಬಹುದು. ಕುಸಿಯುವ ನೆಲದಲ್ಲಿ ಮೂರು ವರ್ಷಕ್ಕೊಮ್ಮೆ ತಗ್ಗಾದ ಭಾಗವನ್ನಷ್ಟೇ ಎತ್ತಿ ಮರಳು ತುಂಬಿ ಸಮ ಮಾಡಬಹುದು. ನಡೆದಾಡುವ ದಾರಿಗೆ 50 ಅಥವಾ 60 ಮಿ.ಮೀ. ದಪ್ಪ ಸಾಕು; ಟ್ಯಾಂಕರ್ ಬರುವಲ್ಲಿ 80 ಮಿ.ಮೀ. ದಪ್ಪದ, ಎಂ-40 ದರ್ಜೆಯ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ) ಬ್ಲಾಕೇ ಬೇಕು. ಜೋಡಣೆ ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದ ಹೆರಿಂಗ್‌ಬೋನ್ ಮಾದರಿಯಲ್ಲಿರಲಿ, ಚಕ್ರ ತಳ್ಳಿದಾಗ ಬ್ಲಾಕುಗಳು ಒಂದಕ್ಕೊಂದು ಬಿಗಿಹಿಡಿಯುತ್ತವೆ. ಅಂಚಿನಲ್ಲಿ ಕಾಂಕ್ರೀಟಿನ ಕಟ್ಟೆ ಇಲ್ಲದಿದ್ದರೆ ಇಡೀ ರಸ್ತೆ ನಿಧಾನವಾಗಿ ಪಕ್ಕಕ್ಕೆ ಜರುಗುತ್ತದೆ. ಕೆಳಗಿನ ಮರಳಿನ ಹಾಸು 20ರಿಂದ 40 ಮಿ.ಮೀ. ಒಳಗೇ ಇರಬೇಕು, ನೆಲದ ತಗ್ಗುತೆಗ್ಗನ್ನು ಮರಳಿನಿಂದ ಮುಚ್ಚುವ ಮೇಸ್ತ್ರಿಯನ್ನು ಕಂಡರೆ ಕೆಲಸ ನಿಲ್ಲಿಸಿ. ಗೋವೆಯ ಕಡಿದಾದ ಇಳಿಜಾರಿನಲ್ಲಿ ಪೇವರ್ ಬೇಡ, ಸಂದಿಯ ಮರಳನ್ನು ಮಳೆನೀರು ಕೊಚ್ಚಿಕೊಂಡು ಹೋಗುತ್ತದೆ.

ಎರೆಮಣ್ಣಿದ್ದರೆ, ಯಾವುದನ್ನು ಹಾಕಿದರೂ

ಎರೆಮಣ್ಣಿನ ಸಮಸ್ಯೆಗೆ ನಮ್ಮ ಕಡೆಗೇ ನಂಟಿರುವ ಒಂದು ಪರಿಹಾರವಿದೆ. ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಅವರು ರೂಪಿಸಿದ, ಮಲಪ್ರಭಾ ಕಾಲುವೆಯಲ್ಲಿ ಬಳಸಿ ನೋಡಿದ ವಿಧಾನವದು: ಉಬ್ಬುವ ಮಣ್ಣಿನ ಮೇಲೆ ಅಂಟುಗುಣವುಳ್ಳ ಆದರೆ ಉಬ್ಬದ ಮಣ್ಣಿನ ಪದರವನ್ನು ಗಟ್ಟಿಯಾಗಿ ಕೂರಿಸಿದರೆ ಕೆಳಗಿನ ಉಬ್ಬು ಹಿಡಿತಕ್ಕೆ ಬರುತ್ತದೆ. ದೊಡ್ಡ ರಸ್ತೆಗಳಲ್ಲಿ ಈ ಪದರ 60 ಸೆಂ.ಮೀ.ನಿಂದ ಒಂದು ಮೀಟರಿನವರೆಗೆ ಇರುತ್ತದೆ. ಸೊಸೈಟಿಯ ಬಜೆಟ್ಟಿಗೆ ಅಷ್ಟು ದಕ್ಕದಿದ್ದರೆ, ಸಾಧ್ಯವಾದಷ್ಟು ಎರೆಮಣ್ಣು ತೆಗೆದು, ಜೇಡಿಯ ಅಂಟು ಸ್ವಲ್ಪ ಉಳಿದಿರುವ ಗರಸನ್ನು 15 ಸೆಂ.ಮೀ. ಪದರಗಳಲ್ಲಿ, ಹದವಾಗಿ ನೀರು ಹಾಕಿ ರೋಲರ್ ಓಡಿಸಿ ತುಂಬಿರಿ. ಮರಳು ತುಂಬುವ ಸಲಹೆಯನ್ನು ಮಾತ್ರ ಕೇಳಬೇಡಿ: ಎರೆಮಣ್ಣಿನ ತೊಟ್ಟಿಯಲ್ಲಿ ಮರಳು ಹಾಕಿದರೆ ಮಳೆನೀರೆಲ್ಲ ಅಲ್ಲೇ ನಿಂತು ಅಡಿಯ ಮಣ್ಣನ್ನು ವರ್ಷವಿಡೀ ಉಬ್ಬಿಸುತ್ತದೆ. ಸುಣ್ಣ ಬೆರೆಸಿ ಎರೆಮಣ್ಣನ್ನು ಪಳಗಿಸುವುದು ಹೆದ್ದಾರಿಗಳಲ್ಲಿ ಫಲ ಕೊಡುತ್ತದೆ. ಮನೆಗಳ ನಡುವೆ ಆ ಧೂಳನ್ನು ಎಬ್ಬಿಸಿ, ಕೈಯಿಂದ ಹದವಾಗಿ ಬೆರೆಸುವುದು ಆಗುವ ಕೆಲಸವಲ್ಲ.

ಯಾರಿಗೆ ಯಾವುದು

ಪುಣೆಯಲ್ಲಿ ಗರಸಿನ ನೆಲ, ಕೈಯಲ್ಲಿ ಸೀಮಿತ ಹಣ ಇದ್ದರೆ ರಸ್ತೆಗೆ 40 ಮಿ.ಮೀ. ಸಾಂದ್ರ ಡಾಂಬರು, ಪಾರ್ಕಿಂಗ್‌ಗೆ ಪೇವರ್ ಎಂಬ ಜೋಡಿಯನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ. ಎರೆಮಣ್ಣಿದ್ದು, ನೆಲ ಬದಲಿಸುವಷ್ಟು ಹಣವಿಲ್ಲದಿದ್ದರೆ ಪೇವರ್ ಹಾಕಿ, ವರ್ಷಕ್ಕೊಮ್ಮೆ ಸಮಗೊಳಿಸುವ ಖರ್ಚನ್ನು ನಿರ್ವಹಣೆಯಲ್ಲಿ ಸೇರಿಸಿಕೊಳ್ಳಿ. ನೆಲ ಬದಲಿಸುವ ಹಣವಿದ್ದರೆ ಡಾಂಬರು, ಕಾಂಕ್ರೀಟು ಎರಡೂ ತೆರೆದಿವೆ. ಮುಂಬಯಿಯ ಭರಾವಿನ ಜಾಗದಲ್ಲಿ, ಹಳೆಯ ಪೈಪುಗಳಿರುವಲ್ಲಿ ಪೇವರ್. ಗಟ್ಟಿ ನೆಲದ, ಪೈಪುಗಳನ್ನೆಲ್ಲ ಬದಲಿಸಿ ಮುಗಿಸಿದ, ಹತ್ತು ಹದಿನೈದು ವರ್ಷ ರಸ್ತೆಯ ಮಾತೆತ್ತಲು ಇಷ್ಟಪಡದ ಸೊಸೈಟಿಗೆ ಕಾಂಕ್ರೀಟು, ಹಳೆಯ ಪದರವನ್ನು ಕೆತ್ತಿ ಮಟ್ಟ ಏರದಂತೆ ನೋಡಿಕೊಂಡು. ಗೋವೆಯ ದಿಬ್ಬದ ಏರುದಾರಿಗೆ ಅಡ್ಡಗೀರು ಹಾಕಿದ ಕಾಂಕ್ರೀಟು, ಮೇಲಿನ ಸಮತಟ್ಟಿಗೆ ಡಾಂಬರು. ಮಾರ್ಗಾವಿನ ಸ್ನೇಹಿತರೊಬ್ಬರು ಇಡೀ ದಾರಿಗೆ ಒಂದೇ ಬಗೆ ಇದ್ದರೆ ಚಂದ ಎಂದು ವಾದಿಸಿದರು. ರಸ್ತೆಯ ಚಂದವನ್ನು ಜುಲೈನಲ್ಲಿ ನೋಡಬೇಕು ಎಂದೆ.

ಡಾಂಬರನ್ನೇ ಆರಿಸಿದವರಿಗೆ ಒಂದು ಲೆಕ್ಕ. ನಿಮ್ಮ ರಸ್ತೆ 120 ಮೀಟರ್ ಉದ್ದ, 5 ಮೀಟರ್ ಅಗಲವಿದ್ದರೆ 600 ಚದರ ಮೀಟರ್. ರೋಲರ್ ಓಡಿದ ಮೇಲೆ 40 ಮಿ.ಮೀ. ಉಳಿಯಬೇಕಾದರೆ 24 ಘನ ಮೀಟರ್, ಅಂದರೆ ಸುಮಾರು 56 ಟನ್ ಮಿಶ್ರಣ ಬರಬೇಕು. ಹಾಸುವಾಗ ಅದು 50 ಮಿ.ಮೀ.ನಷ್ಟು ದಪ್ಪ ಕಾಣುತ್ತದೆ. ಸಡಿಲಾಗಿರುವಾಗಲೇ ಅಳೆದು 40 ಎಂದು ತೋರಿಸುವವರಿದ್ದಾರೆ. ಪ್ರತಿ ಡಂಪರಿನ ತೂಕದ ಚೀಟಿಯನ್ನು ಗೇಟಿನಲ್ಲಿ ತೆಗೆದಿಟ್ಟುಕೊಂಡು ಸಂಜೆ ಕೂಡಿಸಿ. ತಾಡಪಾಲು ಸರಿಸಿದ ಕೂಡಲೇ ಥರ್ಮಾಮೀಟರ್ ಚುಚ್ಚಿಸಿ: ವಿಜಿ-30ಕ್ಕೆ ಹಾಸುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮೊದಲೇ ರೋಲರಿನ ಕೆಲಸ ಮುಗಿದಿರಬೇಕು. ಹಾಸುವ ತಂಡದ ಮುಕಾದಮನನ್ನು ಕನ್ನಡದಲ್ಲೇ ಮಾತನಾಡಿಸಿ ನೋಡಿ. ಪುಣೆಯಿಂದ ಗೋವೆಯವರೆಗೆ ಈ ಕೆಲಸದಲ್ಲಿರುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಬಹಳ. ಮಾಲು ತಣ್ಣಗಾಗಿ ಬಂದಿದ್ದರೆ ಕಾಂಟ್ರ್ಯಾಕ್ಟರನಿಗಿಂತ ಮೊದಲು ಅವನೇ ಹೇಳುತ್ತಾನೆ.